ಕೂಡಿಸುವ ಲೆಕ್ಕ

ರುಸ್ತಾವಿಯ ಸಂತೆಗೆ ದನ ಬರುವುದಿಲ್ಲ, ಕಾರು ಬರುತ್ತವೆ.
ಬಂಪರು ಕಳೆದುಕೊಂಡವು, ಬಲಕ್ಕೆ ಸ್ಟೀರಿಂಗಿನವು,
ಯಾವುದೋ ಸಮುದ್ರದಾಚೆ ಗುದ್ದಿಸಿಕೊಂಡು
ಹಡಗು ಹತ್ತಿ ಬಂದವು.
ಹಲ್ಲು ಹಿಡಿದು ನೋಡಲು ಇವಕ್ಕೆ ಬಾಯಿಲ್ಲ,
ಅದಕ್ಕೇ ಜನ ನನ್ನಂಥವರನ್ನು ಜೊತೆಗೆ ಕರೆತರುತ್ತಾರೆ.

ನಾನು ಜುಂಬೇರ್. ಖಶೂರಿಯಲ್ಲಿ ಗ್ಯಾರೇಜು.
ಮೂವತ್ತೊಂದು ವರ್ಷ ಕಾರುಗಳ ಹೊಟ್ಟೆಯಡಿ ಮಲಗಿ
ಬೆನ್ನು ಕೆಟ್ಟಿದೆ, ಕಿವಿ ಕೆಟ್ಟಿಲ್ಲ.
ಟ್ಯಾಪೆಟ್ಟಿನ ಟಿಕಟಿಕ, ಬೇರಿಂಗಿನ ಗೊಣಗು,
ಮಾರುವವನ ಗಂಟಲಿನ ತಡವರಿಕೆ,
ಮೂರೂ ಬೇರೆ ಬೇರೆ ಕೇಳುತ್ತವೆ.

ಎತೇರಿ ಟೀಚರು ನನಗೆ ಗಣಿತ ಕಲಿಸಿದರು. ನಾನು ಕಲಿಯಲಿಲ್ಲ.
ಹೋದ ಚಳಿಗಾಲ ರಿಕೋಟಿಯ ಏರಿನಲ್ಲಿ
ಅವರ ಝಿಗುಲಿಯ ನೆಲ ಕಳಚಿ ಬಿತ್ತು.
ತುಕ್ಕು ತಿಂದ ತಗಡು ಜಾರಿ
ಕಾಲ ನಡುವೆ ಟಾರು ಓಡತೊಡಗಿತಂತೆ.
"ದಾರೀನ ಇಷ್ಟು ಹತ್ತಿರದಿಂದ ನೋಡಿರಲಿಲ್ಲ ಕಣೋ" ಅಂದರು.
ಗುಜರಿಯವನಿಗೆ ಒಪ್ಪಿಸುವ ಮುಂಚೆ
ಗೇರಿನ ಗುಬಟು ತಿರುಪಿ ತೆಗೆದು ಕೈಚೀಲಕ್ಕೆ ಹಾಕಿಕೊಂಡರು.

ಕರವಸ್ತ್ರದಲ್ಲಿ ಮೂರು ಸಾವಿರ ಡಾಲರು.
ಕರವಸ್ತ್ರ ಎಲ್ಲಿ ಅಂತ ಕೇಳಬಾರದು.

ಮೊದಲು ಕಂಡದ್ದು ಬೆಳ್ಳನೆಯ ಜಪಾನಿ.
ಕಾರ್ಪೆಟ್ಟು ಎತ್ತಿದರೆ ಕೆಸರಿನ ಗೆರೆ,
ಯಾವ ಊರಿನ ನೆರೆಯೋ ಸೀಟಿನ ತನಕ ಬಂದು ಹೋಗಿದೆ.
ಮೇಲೆ ತಳುಕು, ಒಳಗೆ ಹುಳುಕು.
ಇನ್ನೊಂದು, ಎರಡು ಕಾರುಗಳ ಅರ್ಧರ್ಧ ಸೇರಿಸಿದ್ದು.
ಜೋಡಿ ಚೆನ್ನಾಗಿತ್ತು. ಬೆಸುಗೆ ಸರಿಯಿರಲಿಲ್ಲ.

ಆಮೇಲೆ ಕಡುಹಸಿರು ಓಪೆಲ್, ಉದ್ದ ಡಿಕ್ಕಿಯದು.
ಮೀಟರಿನಲ್ಲಿ ಒಂದು ಲಕ್ಷ ಇಪ್ಪತ್ತೊಂದು ಸಾವಿರ.
ಮಾರುವವನು ತಮಾಝ್, ಅಮ್ಮನ ಮೇಲೆ ಆಣೆ ಇಟ್ಟ:
ಜರ್ಮನಿಯ ಯಾರೋ ಅಜ್ಜ, ಚರ್ಚಿಗೆ ಮಾತ್ರ ಓಡಿಸಿದ್ದು.
ನಾನು ಆಯಿಲು ಕಡ್ಡಿ ಎಳೆದು ಮೂಸಿದೆ,
ಬಾಗಿಲಿಗೆ ಅಯಸ್ಕಾಂತ ಹಿಡಿದೆ,
ಹೊಗೆಗೆ ಅಂಗೈ ಒಡ್ಡಿ ನೋಡಿದೆ.
"ಟೀಚರ್, ಗಟ್ಟಿ ಕುಳ ಇದು."

ಟೀಚರು ಕಾರನ್ನು ನೋಡುತ್ತಲೇ ಇರಲಿಲ್ಲ.
ಮುಂದಿನ ಖಾನೆಯೊಳಗಿಂದ ಒಂದು ಪುಟ್ಟ ಪುಸ್ತಕ ತೆಗೆದು
ಓದುತ್ತಾ ಕೂತಿದ್ದರು. ಜರ್ಮನ್ ಅವರಿಗೆ ಬರದು.
ಅಂಕಿ ಬರುತ್ತದೆ.

ಡೀಟ್‌ಮಾರ್ ಅಂತ ಹೆಸರು. ನೀಲಿ ಶಾಯಿ, ಇರುವೆ ಸಾಲಿನ ಅಕ್ಷರ.
ಆಯಿಲು ಬದಲಿಸಿದಾಗೆಲ್ಲ ತಾರೀಖು, ಲೀಟರು, ಕಿಲೋಮೀಟರು.
ಒಂದು ಪುಟದಲ್ಲಿ ಕಾಫಿ ಲೋಟದ ಉಂಗುರ.
ಬರಬರುತ್ತ ಕೈ ನಡುಗಿದೆ.
ಕೊನೆಯ ಸಾಲು: ಒಂದು ಲಕ್ಷ ಎಂಬತ್ತೆಂಟು ಸಾವಿರದ ನಾನೂರು.

ಕನ್ನಡಕದ ಮೇಲಿಂದ ನೋಡಿದರು,
ಏಳನೇ ಕ್ಲಾಸಿನಲ್ಲಿ ನನ್ನನ್ನು ನೋಡುತ್ತಿದ್ದ ಹಾಗೆ.
"ಮಗಾ ತಮಾಝ್, ಈ ಗಾಡಿ ಹಿಂದಕ್ಕೂ ಓಡುತ್ತೇನಪ್ಪ,
ಅರವತ್ತೇಳು ಸಾವಿರದ ನಾನೂರು ಕಿಲೋಮೀಟರು?"

ತಮಾಝ್ ಸಿಗರೇಟು ಹಚ್ಚಿದ. ಇನ್ನೊಂದು ಹಚ್ಚಿದ.
ಮೊದಲನೆಯದು ಬೆರಳಲ್ಲೇ ಉರಿಯುತ್ತಿತ್ತು.
ಬೆಲೆ ಇಳಿಯಿತು. ಮತ್ತೆ ಇಳಿಯಿತು.
ನಾನು ಎಲ್ಲ ಗೊತ್ತಿದ್ದವನ ಹಾಗೆ ಟೈರು ಒದೆಯುತ್ತ ನಿಂತೆ.

"ಬೇಡ ಟೀಚರ್, ಸುಳ್ಳು ಗಾಡಿ" ಎಂದೆ ಮೆಲ್ಲಗೆ.
"ಸುಳ್ಳು ಹೇಳಿದ್ದು ಮೀಟರು" ಎಂದರು,
"ಗಾಡಿ ಇನ್ನೂ ಏನೂ ಹೇಳಿಲ್ಲವಲ್ಲ."

ಈಗ ಆಯಿಲು ಬದಲಿಸಲು ಬಂದಾಗಲೆಲ್ಲ
ಮಗುಚಿದ ಹಣ್ಣಿನ ಪೆಟ್ಟಿಗೆಯ ಮೇಲೆ ಕೂತು
ಡೀಟ್‌ಮಾರನ ಸಾಲುಗಳ ಕೆಳಗೆ
ನಮ್ಮ ದುಂಡು ಲಿಪಿಯಲ್ಲಿ ಬರೆಯುತ್ತಾರೆ:
ಮೀಟರಿನ ಅಂಕಿ, ಅದರಡಿ ಅರವತ್ತೇಳು ನಾನೂರು,
ಗೆರೆ ಎಳೆದು ಮೊತ್ತ,
ಮೊತ್ತದ ಪಕ್ಕ ಒಂದು ಕೂಡು ಚಿಹ್ನೆ, ಒಂದು ಎಕ್ಸ್.

"ಎಕ್ಸ್ ಯಾಕೆ?"
"ಡೀಟ್‌ಮಾರ್ ಬರೆಯೋದು ನಿಲ್ಲಿಸಿದ ಮೇಲೆ,
ತಮಾಝ್ ಮುಳ್ಳು ತಿರುಗಿಸೋಕೆ ಮುಂಚೆ,
ಯಾರೋ ಓಡಿಸಿರ್ತಾರಲ್ಲ, ಬರೆದಿಡದೆ.
ಅವರಿಗೂ ಒಂದು ಜಾಗ ಬೇಡವೇನೋ?"

ಝಿಗುಲಿಯ ಗುಬಟು ಓಪೆಲ್ಲಿನ ಗೇರಿಗೆ ಕೂರುವುದಿಲ್ಲ,
ಮರೆ ಬೇರೆ ಬೇರೆ. ಟೇಪು ಸುತ್ತಿ ಕೂರಿಸಿದ್ದೇನೆ.
ಮೂರನೆಯ ಗೇರಿಗೆ ಹಾಕಿದಾಗ ಕೈಗೇ ಬರುತ್ತದೆ.
ತೊಡೆಯ ಮೇಲೆ ಇಟ್ಟುಕೊಂಡು ಓಡಿಸುತ್ತಾರೆ.