ಮೂರು ನೀಲಿ ಗಾಜು

ಮೇ ತಿಂಗಳು. ಕಲಬುರಗಿಯಲ್ಲಿ ಹೊರಗೆ ನಲವತ್ನಾಲ್ಕು ಡಿಗ್ರಿ,
ನನ್ನ ನೀರಿನ ತೊಟ್ಟಿಯೊಳಗೂ ಅಷ್ಟೇ.
ಒಳಗಿನದು ಬೇಕೆಂದು ಕಾಯಿಸಿದ್ದು,
ಹೊರಗಿನದು ಕೇಳದೆ ಬಂದದ್ದು.

ಕರೆಂಟು ಹೋದರೆ ಮೇಣ ಮೆತ್ತಗಾಗುತ್ತದೆ, ಅಲಗಿಗೆ ಸುಕ್ಕು ಬೀಳುತ್ತದೆ.
ಗೇಟಿನ ಬದಿಯ ಕಬ್ಬಿನಹಾಲಿನ ಗಾಡಿಯ ಖಾಜಾಮಿಯಾ
ಗೋಣಿಯಲ್ಲಿ ಸುತ್ತಿ ಬರ್ಫ ಕೊಡುತ್ತಾನೆ,
ಯಾತಕ್ಕೆಂದು ಒಮ್ಮೆಯೂ ಕೇಳಿಲ್ಲ.
ಅದರ ಮೇಲೆ ಬೋರಲು ಮಲಗಿಸುತ್ತೇನೆ
ನಾಲ್ಕುನೂರಾ ಹನ್ನೆರಡನೇ ನಂಬರಿನ ಮೇಣದ ಬಿಲ್ಲೆಯನ್ನು:
ಶಹಾಬಾದಿನ ನಾಗಿಂದ್ರಮ್ಮನ ಎಡ ಮೊಲೆಯ
ತೊಗರಿಕಾಳಿನಷ್ಟು ತುಣುಕು.

ಮೂರು ಮೈಕ್ರಾನ್ ಕೊಯ್ಯಬೇಕು.
ಆಕೆ ತಟ್ಟುವ ರೊಟ್ಟಿಯನ್ನು ಸಾವಿರ ಸಲ ಸೀಳಿದಂತೆ.
ನೀರ ಮೇಲೆ ಬಿಟ್ಟರೆ ಮೈಬಿಚ್ಚಿ ಹರಡುತ್ತದೆ,
ಗಾಜಿನಿಂದ ಎತ್ತಿಕೊಳ್ಳುತ್ತೇನೆ. ಉಸಿರು ಬಿಡುವಂತಿಲ್ಲ.

ಆಮೇಲೆ ಕಾಯುವುದು.
ಈಸ್ಟ್ರೋಜನ್ನಿನ ಗುರುತು ಇದ್ದರೆ ಕಂದು,
ಪ್ರೊಜೆಸ್ಟರಾನಿನದಿದ್ದರೆ ಕಂದು,
ಹರ್-ಟು ಇದ್ದರೆ ಕೋಶದ ಸುತ್ತ ಕಂದು ಬಳೆ.
ಔಷಧ ಅಂಚೆಯವನ ಹಾಗೆ. ಬಾಗಿಲ ಮೇಲೆ ಹೆಸರಿಲ್ಲದಿದ್ದರೆ
ಓಣಿ ಸುತ್ತಿ ಸುತ್ತಿ ವಾಪಸು ಹೋಗುತ್ತಾನೆ.

ಮೂರೂ ಗಾಜು ನೀಲಿ.
ಪಕ್ಕದ ಕಂಟ್ರೋಲ್ ಗಾಜು, ಯಾರದೋ ಹಳೆಯ ಗಡ್ಡೆ,
ಚಂದ ಕಂದು ಬಂದಿದೆ. ಅಂದರೆ ತಪ್ಪು ನನ್ನದಲ್ಲ,
ರಸಾಯನದ್ದೂ ಅಲ್ಲ.
ಆದರೂ ಮತ್ತೊಮ್ಮೆ ಹಚ್ಚಿದೆ, ಮೇಡಂಗೆ ಹೇಳದೆ.
ಮತ್ತೆ ನೀಲಿ.
ಕೀ-ಅರವತ್ತೇಳು ಮಾತ್ರ ಕಂದೋ ಕಂದು: ನೂರರಲ್ಲಿ ಎಪ್ಪತ್ತು ಕೋಶ
ಒಂದಿದ್ದದ್ದು ಎರಡಾಗುವ ಅವಸರದಲ್ಲಿ.

ಕಿಟಕಿಯಲ್ಲಿ ನಾಗಿಂದ್ರಮ್ಮ.
ಕೈಗೆರೆಗಳಲ್ಲಿ ಫರಸಿ ಪಾಲಿಶಿನ ಬಿಳಿ ಧೂಳು.
ಮಗಳು ಓದಿ ಹೇಳಿದಳು: ನೆಗೆಟಿವ್, ನೆಗೆಟಿವ್, ನೆಗೆಟಿವ್.
"ಮೂರಕ್ಕ ಮೂರೂ ಇಲ್ಲಂತಲ್ಲವ್ವಾ?
ಕೊರೊನಾದಾಗೂ ಹಿಂಗೇ ಬಂದಿತ್ತು. ಛಲೋ ಆತು ಬಿಡು."
ಗಾಜು ಓದುವುದು ಡಾಕ್ಟರ ಕೆಲಸ, ನನ್ನದು ಬಣ್ಣ ಹಚ್ಚುವುದು.
"ಒಳಗ ಮೇಡಂ ಹೇಳ್ತಾರ, ಕೂಡ್ರಿ" ಎಂದೆ.
ಆಕೆ ಸೆರಗಿನ ಗಂಟು ಬಿಚ್ಚಿ ಪೆಪ್ಪರಮಿಂಟು ಕೊಟ್ಟಳು.
ಬಾಯಿಗೆ ಹಾಕಿಕೊಂಡೆ,
ಮಾತು ಹೊರಗೆ ಬಾರದಿರಲೆಂದು.

ಬಿಲ್ಲೆಯಲ್ಲಿ ಇನ್ನೂ ಅರ್ಧ ಉಳಿದಿದೆ.
ನಾಳೆ ಹೈದರಾಬಾದಿಗೆ ಹೋಗುತ್ತದೆ
ನಾಲ್ಕನೆಯ ಹೆಸರೊಂದನ್ನು ಹುಡುಕಿಕೊಂಡು.
ಆ ಹೆಸರಿಗೊಂದು ಔಷಧ ಇದೆಯಂತೆ.
ಬೆಲೆ ಕೇಳಿದೆ, ಯಾರಿಗೂ ಹೇಳಲಿಲ್ಲ.
ಹೊಸ ಗಾಜಿನ ಅಂಚಿಗೆ ನಂಬರು ಬರೆಯುತ್ತೇನೆ, ಪೆನ್ಸಿಲಿನಲ್ಲಿ.
ಶಾಯಿಯನ್ನು ಸ್ಪಿರಿಟ್ಟು ತೊಳೆದುಬಿಡುತ್ತದೆ.
ಪೆನ್ಸಿಲು ನಿಲ್ಲುತ್ತದೆ.