ಕಾಲು ಗಂಟೆಗೊಮ್ಮೆ

ಮೊದಲು ಟಾರ್ಚು ಇತ್ತು.
ಕಾಲು ಗಂಟೆಗೊಮ್ಮೆ ಹದಿನೆಂಟು ಬಾಗಿಲು,
ಬಾಗಿಲಿಗೊಂದು ಅಂಗೈಯಗಲ ಗಾಜು.
ಹಣೆಯೊತ್ತಿ ನಿಂತು, ಬೆಳಕನ್ನು ಮೊದಲು ಗೋಡೆಗೆ,
ಆಮೇಲೆ ಮೆಲ್ಲಗೆ ಕಂಬಳಿಗಿಳಿಸಿ
ಕಾಯುತ್ತಿದ್ದೆ: ಏರೀತೇ, ಇಳಿದೀತೇ.
ಒಂದು ಉಸಿರು ಸಾಲದು, ಎರಡು ನೋಡು,
ಎಂದಿದ್ದಳು ಹಳೆಯ ನೈಟ್ ಸಿಸ್ಟರ್ ಹೆಟ್ಟಿ.
ಮೊದಲನೆಯದು ನಿನ್ನ ಕಣ್ಣಿನ ಆಸೆ,
ಎರಡನೆಯದೇ ಅವರ ಉಸಿರು.

ಆರನೇ ಕೋಣೆಯ ಬೆರಿಲ್
ರೆಪ್ಪೆ ತೆರೆಯದೆಯೇ ಗದರುತ್ತಿದ್ದಳು:
'ಬದುಕಿದ್ದೀನಿ ಬಾತುಕೋಳಿ, ಹೋಗು.'
(ಗ್ರಿಮ್ಸ್‌ಬಿಯಲ್ಲಿ ಅಕ್ಕರೆಗೆ ಹಾಗೆನ್ನುತ್ತಾರೆ.)
ರಾತ್ರಿಗೆ ಮೂವತ್ತು ಸಲ ಬದುಕಿದ್ದನ್ನು ರುಜುವಾತು ಮಾಡಿ
ಬೆಳಗ್ಗೆ ಟೋಸ್ಟಿನ ಮುಂದೆ ತೂಕಡಿಸುತ್ತಿದ್ದಳು.

ಈಸ್ಟರ್ ಕಳೆದು ಪೆಟ್ಟಿಗೆ ಬಂತು.
ಚಾವಣಿಯ ಮೂಲೆ, ಗೋಡೆಯದೇ ಬಣ್ಣ.
ತಂತಿಯಿಲ್ಲ, ಪಟ್ಟಿಯಿಲ್ಲ, ಮುಟ್ಟುವುದಿಲ್ಲ.
ಎದೆ ಬಡಿದಾಗಲೆಲ್ಲ ಚರ್ಮ ಒಂದಿಷ್ಟು ಕೆಂಪೇರುತ್ತದಂತೆ,
ನಮ್ಮ ಕಣ್ಣಿಗೆ ಸಿಗದಷ್ಟು;
ಅದನ್ನು ಕತ್ತಲಲ್ಲೇ ಓದಿ ನಾಡಿ ಹೇಳುತ್ತದೆ.
ಕಲಿಸಲು ಬಂದ ಹುಡುಗ ರೋರಿ ಎಂದ:
'ಇನ್ನು ಯಾರನ್ನೂ ಎಬ್ಬಿಸಬೇಕಿಲ್ಲ.'
ದೇವರನ್ನು ಗುರುತಿಸುವುದು ಹೇಗೆಂದು
ನಮ್ಮಜ್ಜಿ ಹೇಳುತ್ತಿದ್ದುದು ನೆನಪಾಯಿತು:
ಬೆವರುವುದಿಲ್ಲ, ಎವೆಯಿಕ್ಕುವುದಿಲ್ಲ.

ಹನ್ನೊಂದನೇ ಕೋಣೆಯ ಕೀರನ್‌ಗೆ ಇಪ್ಪತ್ತು ವರ್ಷ.
ಒಪ್ಪಿಗೆಯ ಕಾಗದ ತಿರುಗಿಸಿ ತಿರುಗಿಸಿ ನೋಡಿ ಕೇಳಿದ:
'ತಲೆಯೊಳಗೆ ಒಬ್ಬ ಆಗಲೇ ನೋಡುತ್ತಿದ್ದಾನೆ.
ಇನ್ನೊಬ್ಬನಿಗೂ ಸಹಿ ಹಾಕಲೇ?'
ಆ ಸಂಜೆ ಒದ್ದೆ ಟಿಶ್ಯೂ ಉಂಡೆಗಳು
ಗುಬ್ಬಚ್ಚಿ ಗೂಡಿನಂತೆ ಮೂಲೆಗಂಟಿದ್ದವು.
ಕೋಲಿನಿಂದ ಕೆರೆದು ತೆಗೆದೆ. ಮತ್ತೆ ಎಸೆದ. ಗುರಿಕಾರ.
ಮೂರನೇ ದಿನ ಡಾಕ್ಟರು ಅವನ ಪೆಟ್ಟಿಗೆ ಆರಿಸಿದರು.
ಅವನೊಬ್ಬನಿಗೆ ಈಗಲೂ ಟಾರ್ಚು.

ಬೆರಿಲ್ ಮಾತ್ರ ಮಲಗಿದಳು.
ಅಬ್ಬಾ, ಏಳು ಗಂಟೆ. ಗೊರಕೆ ಕಾರಿಡಾರಿಗೆಲ್ಲ.
ನಾನು ಮೇಜಿನ ಹಿಂದೆ, ಮಡಿಲಲ್ಲಿ ಟ್ಯಾಬ್ಲೆಟ್ಟು:
ಆರನೇ ಕೋಣೆ, ಉಸಿರು ಹದಿನಾಲ್ಕು, ನಾಡಿ ಅರವತ್ತೆರಡು.
ಸುಳ್ಳಲ್ಲ, ಸಂತೋಷವಾಯಿತು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳಿಗೆ
ಎಣ್ಣೆ ಉಳಿದುಹೋದರೆ ಏನು ಮಾಡಬೇಕೆಂದು
ಯಾರೂ ತರಬೇತಿ ಕೊಟ್ಟಿರಲಿಲ್ಲ, ಅಷ್ಟೇ.

ಜೂನಿನ ಒಂದು ರಾತ್ರಿ ಮೂರೂಕಾಲಿಗೆ ಅದು ಕೂಗಿತು:
ಆರನೆಯವರು ಬಚ್ಚಲಿಗೆ ಹೋಗಿ ಮೂರು ನಿಮಿಷ ದಾಟಿದೆ.
ಓಡಿದೆ. ಕೀಲಿಗೊಂಚಲು ತೊಡೆಗೆ ಬಡಿಯುತ್ತ,
ನೀರಿನ ಸದ್ದು, ದೇವರೇ ನೀರಿನ ಸದ್ದು,

ಬಾಗಿಲು ತಳ್ಳಿದರೆ ಬೆರಿಲ್ ಕೈ ತೊಳೆಯುತ್ತಿದ್ದಳು.
ಮೂವತ್ತೊಂದು ವರ್ಷ ಬಂದರಿನ ಕಾರ್ಖಾನೆಯಲ್ಲಿ
ಕಾಡ್ ಮೀನಿನ ಮುಳ್ಳು ಬಿಡಿಸಿದ ಕೈ.
ಅದು ಬಾಗಿಲು ಹಾಕಿ ಒಂಬತ್ತು ವರ್ಷ.
'ವಾಸನೆ ಹೋಗ್ತಿಲ್ಲ ನೋಡು' ಎಂದು
ಎರಡೂ ಅಂಗೈ ನನ್ನ ಮೂಗಿಗೆ ಹಿಡಿದಳು.
ನಿಂಬೆ ಸೋಪಿನ ವಾಸನೆ. ಹೇಳಲಿಲ್ಲ.
ಟವೆಲ್ ತಂದು ಒಂದೊಂದೇ ಬೆರಳು ಒರೆಸಿದೆ,
ಗೆಣ್ಣು ಗೆಣ್ಣಿನ ಸಂದಿಗೆ,
ಹೆಬ್ಬೆರಳ ಬುಡದ ಹಳೇ ಚೂರಿಗಾಯಕ್ಕೆ.
ಬಿಸಿಯಾಗಿತ್ತು ಕೈ.
ಎಷ್ಟು ವಾರವಾಗಿತ್ತೋ
ಆ ವಾರ್ಡಿನಲ್ಲಿ ಒಂದು ಕೈ ಹಿಡಿದು.

'ನೀನೀಗ ಬರೋದೇ ಇಲ್ಲ.'
'ನೀನು ಮಲಗಿರ್ತೀಯ, ಬೆರಿಲ್.'
'ಮಲಗಿರ್ತೀನಿ.' ಕಂಬಳಿ ಗಲ್ಲಕ್ಕೆಳೆದುಕೊಂಡಳು.
'ಆದ್ರೂ.'

ಈಗ ಮೂರು ಗಂಟೆಗೆ ಒಮ್ಮೆ ಎದ್ದು
ಬೂಟು ಕಳಚಿ, ಕಾಲುಚೀಲದಲ್ಲಿ ನಡೆಯುತ್ತೇನೆ.
ಟಾರ್ಚಿಲ್ಲ, ಬರೆಯಲು ಕಾಲಮ್ಮಿಲ್ಲ.
ಆರನೇ ಗಾಜಿನ ಮೇಲೆ ಅಂಗೈಯಿಟ್ಟು
ಎರಡು ಉಸಿರು ನಿಲ್ಲುತ್ತೇನೆ, ನನ್ನವೇ.
ಹನ್ನೊಂದರಲ್ಲಿ ಮಾತ್ರ ಬೆಳಕು ಗೋಡೆಗೆ ತಾಗಿದೊಡನೆ
ಕಂಬಳಿಯಡಿಯಿಂದ ಒಂದು ಹೆಬ್ಬೆರಳು
ಮೇಲೇಳುತ್ತದೆ, ಬೇಸರದಿಂದ.
ಆ ಹೊತ್ತಿಗೆ ಬಂದರಿನ ಕಡೆಯ ಕಡಲಕ್ಕಿಗಳು
ಖಾಲಿ ಪೆಟ್ಟಿಗೆಗಳಿಗಾಗಿ ಜಗಳ ಶುರುಮಾಡಿರುತ್ತವೆ.