ಬಳಕೆದಾರ ಸಂಖ್ಯೆ ೧೧೪೭

ಹೊಸ ಹುಡುಗಿ ಸ್ಕೈಸ್ತೆ ಬಾಗಿಲಲ್ಲಿ ನಿಂತಳು,
ಕೋಟಿನ ಭುಜದ ಮೇಲೆ ಇನ್ನೂ ಕರಗದ ಹಿಮ.
ಒಂದು ಸಾಲನ್ನೂ ಉಳಿಸಲಾಗುತ್ತಿಲ್ಲ, ಅಂದಳು.
ಜಾಗ ತುಂಬಿದೆಯಂತೆ, ಐವತ್ತಕ್ಕೆ ಐವತ್ತು.
ಮೂರು ಸಲ ಎಣಿಸಿದೆ. ನನ್ನದು ಹತ್ತೊಂಬತ್ತೇ.

ಕ್ಲೈಪೆಡಾದ ಈ ನೀರಧ್ಯಯನ ಕೇಂದ್ರದಲ್ಲಿ
ಎಪ್ಪತ್ತು ಜನಕ್ಕೆ ಒಂದೇ ಡಿಸ್ಕು,
ಅದಕ್ಕೆ ಕಾವಲು ನಾನು, ಗಿಂತೌತಾಸ್.
ತಲೆಗೆ ಐವತ್ತು ಗಿಗಾಬೈಟ್, ಮೇಲೆ ಚೂರೂ ಇಲ್ಲ.
ತಕರಾರು ಬಂದಾಗಲೆಲ್ಲ ನಾನು ಯಂತ್ರದ ಪಕ್ಷ:
ಹಳೇ ಸಿನಿಮಾ ತುಂಬಿಸಿಟ್ಟಿರುತ್ತೀರಿ, ಹೋಗಿ ಅಳಿಸಿ ಎಂದು
ನೋಡದೆಯೇ ಹೇಳಿ ಕಳಿಸುವ ಅಭ್ಯಾಸ.
ಅವಳು ಹೋಗಲಿಲ್ಲ. ಕುರ್ಚಿ ಎಳೆದು ಕೂತಳು.

ಸರಿ, ನೋಡೋಣ.
ಅವಳ ಮನೆಯೊಳಗೆ ಹೊಕ್ಕು ಅಳೆದೆ: ಹತ್ತೊಂಬತ್ತು.
ಕೋಟಾವನ್ನು ಕೇಳಿದೆ: ಐವತ್ತು.
ಎರಡನ್ನೂ ಹೇಳಿದ್ದು ಒಂದೇ ಯಂತ್ರ,
ಒಂದೇ ನಿಮಿಷದಲ್ಲಿ, ಒಂದಿಷ್ಟೂ ನಾಚದೆ.

ಇಂಥದ್ದಕ್ಕೆ ಮೊದಲ ಗುಮಾನಿ ಸತ್ತ ಕಡತಗಳ ಮೇಲೆ.
ಅಳಿಸಿರುತ್ತೀರಿ, ಪಟ್ಟಿಯಿಂದ ಹೆಸರು ಹೋಗಿರುತ್ತದೆ,
ಎಲ್ಲೋ ಒಂದು ಪ್ರೋಗ್ರಾಂ ಮಾತ್ರ ಅದರ ಕೈ ಬಿಟ್ಟಿರುವುದಿಲ್ಲ.
ಹಿಡಿದ ಕೈ ಸಡಿಲವಾಗುವ ತನಕ ಜಾಗ ತೆರವಾಗದು.
ಸಿಕ್ಕಿತು ಒಂದು. ಅಕ್ಟೋಬರಿನಿಂದ
ಹಿನ್ನೀರಿನ ಉಪ್ಪಿನಂಶ ಲೆಕ್ಕ ಹಾಕುತ್ತ ಹಾಕುತ್ತ
ಕೂತಲ್ಲೇ ನಿದ್ದೆ ಹೋದದ್ದು.
ಅಯ್ಯೋ ನನ್ನದೇ, ಅಂದಳು, ಕಿವಿ ಕೆಂಪಾಗಿ.
ಕೊಂದೆ. ಎರಡು ಮರಳಿ ಬಂತು.
ಇನ್ನೂ ಇಪ್ಪತ್ತೊಂಬತ್ತು?

ಆಮೇಲೆ ಹೊಳೆಯಿತು, ಇಷ್ಟು ತಡವಾಗಿ ಹೊಳೆಯಬಾರದಿತ್ತು:
ಅವಳು ಅಳೆಯುತ್ತಿದ್ದದ್ದು ತನ್ನ ಮನೆ,
ಕೋಟಾ ಅಳೆಯುತ್ತಿದ್ದದ್ದು ಅವಳ ಸಂಖ್ಯೆ.
೧೧೪೭ ಎಂಬ ಮುದ್ರೆ ಬಿದ್ದದ್ದು ಯಾವ ಮೂಲೆಯಲ್ಲಿದ್ದರೂ
ಅವಳ ಖಾತೆಗೇ ಖರ್ಚು.

ಇಡೀ ಡಿಸ್ಕನ್ನು ಜಾಲಾಡಲು ಬಿಟ್ಟು
ಬಂದರಿನ ಕಡೆಯ ಕಿಟಕಿಯಲ್ಲಿ ಚಹಾ ಕುಡಿದೆವು.
ಯಾರೋ ಪೇಟೆಯಿಂದ ಸ್ತಿಂತಾ ಮೀನು ತಂದಿದ್ದರು;
ಕಾರಿಡಾರಿನ ತುಂಬ, ಈ ಜನವರಿಯಲ್ಲಿ,
ಆಗಷ್ಟೇ ಹೆಚ್ಚಿದ ಸೌತೆಕಾಯಿಯ ವಾಸನೆ.

ಒಂದು ಗಂಟೆಯ ಮೇಲೆ ಪರದೆಯಲ್ಲಿ ಸಾಲುಸಾಲು:
ಎಲ್ಲರಿಗೂ ಸೇರಿದ ಅಟ್ಟದಲ್ಲಿ 'ಮಂಜಿನಡಿ' ಎಂಬ ಪೆಟ್ಟಿಗೆ,
ನಾನ್ನೂರ ಹನ್ನೆರಡು ಧ್ವನಿಮುದ್ರಣ,
ಏಳು ಚಳಿಗಾಲದ ಹಿಂದಿನ ತಾರೀಕು.
ಎಲ್ಲಕ್ಕೂ ಒಡತಿ ಸ್ಕೈಸ್ತೆ.
ಆಗ ನಾನು ಶಾಲೆಯಲ್ಲಿದ್ದೆ, ಅಂದಳು.

ಬ್ರೊನ್ಯುಸ್.
ಹೆಪ್ಪುಗಟ್ಟಿದ ನೀರಿಗೆ ತೂತು ಕೊರೆದು
ಮೈಕು ಇಳಿಬಿಟ್ಟು ದಿನಗಟ್ಟಲೆ ಕೂತಿರುತ್ತಿದ್ದವನು.
ಯೋಜನೆಯ ದುಡ್ಡು ಮುಗಿಯಿತು. ಈಗ
ಕೀಲ್‌ಗೆ ಹೋಗುವ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಾನೆ.
ಅವನು ಹೋದ ದಿನ ಖಾತೆ ಅಳಿಸಿದ್ದೆ, ಮನೆ ಗುಡಿಸಿದ್ದೆ,
ಅಟ್ಟ ಹತ್ತಿ ನೋಡಿರಲಿಲ್ಲ.
ಕಳೆದ ಸೆಪ್ಟೆಂಬರಿನಲ್ಲಿ, ಹೇಗೂ ಒಂದು ಸಂಖ್ಯೆ ಖಾಲಿ ಬಿದ್ದಿದೆ ಎಂದು
ಎತ್ತಿ ಇವಳ ಕೈಗಿಟ್ಟೆ.
ಹಳೇ ಬಾಡಿಗೆದಾರನ ಕರೆಂಟ್ ಬಿಲ್ಲು
ಹೊಸಬಳ ಬಾಗಿಲಿಗೆ.

ತಪ್ಪು ನನ್ನದು, ಎಂದೆ. ಚಹಾ ಆರಿತ್ತು.
ಅಳಿಸಿಬಿಡಲೇ? ಬೆರಳು ಕೀಲಿಯ ಮೇಲಿತ್ತು.
ತಡೀರಿ, ಅಂದಳು. ಒಂದಾದರೂ ಕೇಳೋಣ.

ಮೊದಲು ಏನೂ ಇಲ್ಲ.
ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ಮಂಜುಗಡ್ಡೆ ಬಿರಿದದ್ದು, ದೂರದಲ್ಲಿ,
ಬಿಗಿದ ತಂತಿಯನ್ನು ಯಾರೋ ಕಡಿದ ಹಾಗೆ.
ಮತ್ತೆ ಮೌನ. ಮತ್ತೆ, ನಮ್ಮ ನೆತ್ತಿಯ ಮೇಲೆಯೇ ಅನ್ನುವಂತೆ,
ಬೂಟುಗಾಲು ಬದಲಿಸಿದ ಸದ್ದು.
ಚಳಿಗಿರಬೇಕು.
ಸ್ಕೈಸ್ತೆ ನಕ್ಕಳು, ಕಿವಿಯಿಂದ ಹೆಡ್‌ಫೋನ್ ತೆಗೆಯದೆ.

ಇಪ್ಪತ್ತೊಂಬತ್ತನ್ನೂ ನನ್ನ ಹೆಸರಿಗೆ ಬರೆದುಕೊಂಡೆ;
ಕಾವಲುಗಾರನಿಗೆ ಮಿತಿಯಿಲ್ಲ, ಈ ಕೆಲಸದ ಒಂದೇ ಸುಖ ಅದು.
ಬ್ರೊನ್ಯುಸ್‌ಗೆ ಎರಡು ಸಾಲು ಹಾಕಬೇಕು:
ನಿನ್ನ ಮಂಜು ಇಲ್ಲಿದೆ, ಬಂದಾಗ ಒಯ್ಯಿ.
ಬಿಟ್ಟುಹೋದವರ ಸಂಖ್ಯೆ ಯಾರಿಗೂ ಕೊಡಕೂಡದು ಎಂದು
ಗೋಡೆಗೆ ಚೀಟಿ ಅಂಟಿಸಿದೆ, ದಪ್ಪ ಅಕ್ಷರದಲ್ಲಿ, ನನಗೇ.

ಸಂಜೆ ದೀಪ ಆರಿಸುವ ಮುಂಚೆ ಇನ್ನೊಮ್ಮೆ ಕೇಳಿದೆ.
ಮನೆ ಅಂದಿತು ಇಪ್ಪತ್ತು. ಕೋಟಾ ಅಂದಿತು ಇಪ್ಪತ್ತು.
ಹತ್ತೊಂಬತ್ತಿರಬೇಕಿತ್ತಲ್ಲ ಎಂದು ಕೆದಕಲು ಹೋದವನು
ಸುಮ್ಮನಾದೆ.
ಲೆಕ್ಕ ಸರಿಯಿದೆ.